ಹಕ್ಕಿ ಬಾರದ ಮರ

"ಗುರುಗಳೇ, ದಿನಾ ನನ್ನನ್ನೇ ಯಾಕೆ ತಿದ್ದುತ್ತೀರಿ?" ಎಂದು ಕೆಂಚಯ್ಯ ಕೇಳಿದ.

ಸುಮ್ಮನೆ ಕೇಳಿದ್ದಲ್ಲ. ಬಟ್ಟೆಯ ಗಂಟು ಕಟ್ಟಿಕೊಂಡೇ ಬಂದಿದ್ದ. ಸರಿಯಾದ ಉತ್ತರ ಸಿಗದಿದ್ದರೆ ಅವತ್ತೇ ಮಠ ಬಿಡುವವನು.

"ಮೊನ್ನೆ ನನ್ನ ನಾಲಿಗೆ ಉದ್ದ ಅಂದಿರಿ. ನಿನ್ನೆ ಓದು ಸರಿಯಿಲ್ಲ ಅಂದಿರಿ. ಇವತ್ತು ಬಾಗಿಲು ಮುಚ್ಚಿದ್ದೂ ತಪ್ಪಾಯಿತು. ಗಂಗಾಧರಯ್ಯನೂ ನಿಮ್ಮ ಶಿಷ್ಯನೇ ತಾನೆ? ಅವನಿಗೆ ಒಂದು ಮಾತು ಅಂದು ವರ್ಷವಾಯಿತು. ನಾನು ಅಷ್ಟು ಕೆಟ್ಟವನೇ?"

ಗುರುಗಳು ಗಂಟನ್ನು ನೋಡಿದರು. "ಕೂತುಕೋ. ದಾರಿ ಎಲ್ಲಿಗೂ ಓಡಿಹೋಗುವುದಿಲ್ಲ" ಎಂದರು. ಆಮೇಲೆ ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಹೊಸ ಹಡಗು ಕಟ್ಟಿಸಿದ್ದ. ಹಾಯಿ ಕಟ್ಟುವ ಕಂಬ ಒಂದೇ ಬಾಕಿ ಇತ್ತು. ಆ ಹಡಗಿನಲ್ಲಿ ಹೊರಡುವವರು ಅರವತ್ತು ಜನ. ವರ್ತಕನ ಮಗನೂ ಅವರಲ್ಲಿ ಒಬ್ಬ. ಆದ್ದರಿಂದ ವರ್ತಕ ತಾನೇ ಮರ ಹುಡುಕಿಕೊಂಡು ಘಟ್ಟದ ಕಾಡಿಗೆ ಬಂದ.

ಅಲ್ಲಿ ಮರ ಕಡಿಯುವ ಮುದುಕನೊಬ್ಬನಿದ್ದ. ಅವನು ಆರಿಸಿಕೊಟ್ಟ ಕಂಬ ಯಾವ ಗಾಳಿಗೂ ಮುರಿದದ್ದಿಲ್ಲ. ಆ ಹೆಸರೇ ಅವನ ಆಸ್ತಿ. ಬೇರೆ ಆಸ್ತಿ ಇರಲಿಲ್ಲ.

ಕಾಡಿನಲ್ಲಿ ಎರಡು ಸುರಹೊನ್ನೆ ಮರಗಳು ಅಕ್ಕಪಕ್ಕ ನಿಂತಿದ್ದವು. ಎರಡೂ ನೇರ, ಎರಡೂ ಎತ್ತರ. ಒಂದರ ತೊಗಟೆ ನುಣುಪು. ಇನ್ನೊಂದರ ಮೈತುಂಬ ಕೊಕ್ಕಿನ ಗಾಯ.

ಮೂರು ಬೆಳಗು ಮರದ ಮುಂದೆ ಕೂರದೆ ಮುದುಕ ಕೊಡಲಿ ಎತ್ತುವವನಲ್ಲ. ಅವನ ಅಪ್ಪನೂ ಹಾಗೇ ಇದ್ದನಂತೆ. ವರ್ತಕನೂ ಜೊತೆಗೆ ಕೂತ. ಮೂರು ಬೆಳಗೂ ಒಂದು ಮರಗುಬ್ಬಿ ಬಂತು. ಮುಷ್ಟಿಯೊಳಗೆ ಅಡಗುವಷ್ಟು ಹಕ್ಕಿ. ತಲೆ ಕೆಳಗೆ ಮಾಡಿಕೊಂಡು ಕಾಂಡದ ಮೇಲೆ ನಡೆಯುತ್ತದೆ. ತೊಗಟೆಯ ಸಂದಿಯಿಂದ ಹುಳ, ಹುಳದ ಮೊಟ್ಟೆ ಹೆಕ್ಕಿ ತಿನ್ನುವುದೇ ಅದರ ಬದುಕು. ಮೂರು ಬೆಳಗೂ ಅದು ಗಾಯದ ಮರದಲ್ಲೇ ಕೆಲಸ ಮಾಡಿತು. ನುಣುಪು ಮರದ ಮೇಲೆ ಒಂದು ಸಲ ಕೂತು, ಎದ್ದು ಹೋಯಿತು.

"ಹುಳ ಯಾವುದರಲ್ಲಿದೆ ಎಂದು ಹಕ್ಕಿಯೇ ಹೇಳಿತಲ್ಲ" ಎಂದ ವರ್ತಕ. "ನುಣುಪು ಮರ ಕಡಿ."

"ಅದಕ್ಕೆ ನನ್ನ ಕೊಡಲಿ ತಾಗುವುದಿಲ್ಲ, ಧಣಿ. ಗಾಯದ್ದನ್ನು ಕೊಡುತ್ತೇನೆ."

"ಹಕ್ಕಿ ಮಾತ್ರ ತಲೆಕೆಳಗಾಗಿ ನಡೆಯುತ್ತದೆ ಅಂದುಕೊಂಡಿದ್ದೆ. ನಿನ್ನ ಬುದ್ಧಿಯೂ ಹಾಗೇ ನಡೆಯುತ್ತದಾ, ಅಜ್ಜ?"

ಜೊತೆಗೆ ಬಂದಿದ್ದ ಆಳುಗಳು ನಕ್ಕರು. ಮುದುಕ ತನ್ನ ಕೊಡಲಿಯನ್ನು ವರ್ತಕನ ಕಾಲ ಬಳಿ ಇಟ್ಟ.

"ನುಣುಪು ಮರವನ್ನು ನಿಮ್ಮ ಆಳುಗಳ ಕೈಯಲ್ಲೇ ಕಡಿಸಿ. ಕಾಂಡ ಗಟ್ಟಿಯಾಗಿ ನೆಲಕ್ಕೆ ಬಂದರೆ ಈ ಕೊಡಲಿ ನಿಮ್ಮದು. ಆಮೇಲೆ ನಾನು ಇನ್ನೊಂದು ಮರ ಮುಟ್ಟುವುದಿಲ್ಲ."

ಆಳುಗಳು ಕಡಿಯತೊಡಗಿದರು. ಬುಡ ಗಟ್ಟಿಯಾಗಿತ್ತು. ಚಕ್ಕೆ ಕೆಂಪಗೆ, ಚೆನ್ನಾಗಿ ಬಂತು. ವರ್ತಕ ಮೀಸೆ ತಿರುವಿದ. ಮುದುಕ ಎಲೆಯಡಿಕೆ ಮೆಲ್ಲುತ್ತ ಕೂತಿದ್ದ. ಅವನಿಗೇನೂ ಆಗಿಲ್ಲ ಎಂದೇ ನೋಡಿದವರಿಗೆ ಅನಿಸಬೇಕು. ಆದರೆ ಎಲೆಗೆ ಸುಣ್ಣ ಹಚ್ಚುವುದನ್ನು ಮರೆತಿದ್ದ.

ಮರ ಬಿತ್ತು. ಬಿದ್ದ ಏಟಿಗೆ ನಡುವೆ ಮುರಿಯಿತು. ಒಳಗಿನಿಂದ ಹಿಟ್ಟಿನಂಥ ಹುಡಿ ಸುರಿಯಿತು. ಬೆರಳುಗಾತ್ರದ ಹುಳಗಳು ಬೆಳಕಿಗೆ ಬಿದ್ದು ಹೊರಳಾಡಿದವು.

ವರ್ತಕ ಒಂದು ಹಿಡಿ ಹುಡಿ ಎತ್ತಿ ನೋಡಿದ. ಅವನ ಕಣ್ಣ ಮುಂದೆ ಮಗ ನಿಂತಿದ್ದ. ಆಮೇಲೆ ಮೆಲ್ಲಗೆ ಕೇಳಿದ, "ಇಷ್ಟು ಹುಳ ಇದ್ದ ಮರಕ್ಕೆ ಹಕ್ಕಿ ಯಾಕೆ ಬರಲಿಲ್ಲ, ಅಜ್ಜ?"

"ಹುಳ ಹತ್ತದ ಮರ ಈ ಕಾಡಿನಲ್ಲಿಲ್ಲ, ಧಣಿ. ಹಕ್ಕಿಯ ಕೊಕ್ಕು ಭತ್ತದ ಕಾಳಿನಷ್ಟು. ಹುಳ ತೊಗಟೆಯಲ್ಲಿರುವ ತನಕ ತೆಗೆಯುತ್ತದೆ. ಒಳಕ್ಕೆ ಇಳಿದ ಮೇಲೆ ಅದಕ್ಕೆ ಎಟುಕುವುದಿಲ್ಲ. ಎಟುಕದ ಕಡೆ ಕೂತು ಅದು ಯಾಕೆ ಹೊತ್ತು ಕಳೆಯುತ್ತದೆ? ಈ ಗಾಯದ ಮರ ನೋಡಿ. ಇದರ ಒಂದೊಂದು ಗಾಯದಿಂದಲೂ ಒಂದೊಂದು ಹುಳ, ಒಳಗೆ ಇಳಿಯುವ ಮೊದಲೇ ಹೊರಗೆ ಬಂದಿದೆ."

ಮುದುಕ ಕೊಡಲಿ ಎತ್ತಿಕೊಂಡು ಗಾಯದ ಮರವನ್ನು ತಾನೇ ಕಡಿದ. ಅದು ನೆಲಕ್ಕೆ ಬಿದ್ದಾಗ ಗಂಟೆ ಹೊಡೆದ ಹಾಗೆ ಸದ್ದಾಯಿತು.

ತೊಗಟೆ ಸುಲಿದ ಮೇಲೂ ಅದರ ಮೈಯಲ್ಲಿ ಚುಕ್ಕೆಗಳು ಉಳಿದಿದ್ದವು. ಅವನ್ನು ಕೆತ್ತಿ ನಯ ಮಾಡಲು ಬಡಗಿ ಉಳಿ ಹಿಡಿದು ಬಂದ. ವರ್ತಕ ಬಿಡಲಿಲ್ಲ. ಹಡಗು ಎಷ್ಟೋ ಗಾಳಿ ದಾಟಿತು. ಮಗ ಮನೆಗೆ ಬಂದ, ಮತ್ತೆ ಹೋದ, ಮತ್ತೆ ಬಂದ. ಪ್ರತಿ ಸಲವೂ ವರ್ತಕ ರೇವಿನಲ್ಲಿ ಸಿಕ್ಕವರನ್ನೆಲ್ಲ ಹಡಗಿಗೆ ಹತ್ತಿಸಿ, ಆ ಚುಕ್ಕೆಗಳ ಮೇಲೆ ಅವರ ಬೆರಳು ಇಡಿಸುತ್ತಿದ್ದ, ಸೊಸೆಯ ಒಡವೆ ತೋರಿಸುವ ಹಾಗೆ.

ಗುರುಗಳು ಕತೆ ನಿಲ್ಲಿಸಿದರು. ಕೆಂಚಯ್ಯನ ಕೈ ಇನ್ನೂ ಗಂಟಿನ ಮೇಲೇ ಇತ್ತು.

"ನಾನು ನಿನಗೆ ಏನೂ ಹೇಳದೆ ಬಿಟ್ಟ ದಿನ ಗಂಟು ಕಟ್ಟು" ಎಂದರು.