ಮಾತಾಡದ ಇ-ರೀಡರ್

ಒಂದು ಕಾಡಿನ ಬಂಡೆಗವಿಯಲ್ಲಿ ಬೋರಮ್ಮ ಎಂಬ ಕರಡಿ ಇದ್ದಳು. ಜೊತೆಗಿದ್ದ ತಂಗಿ ಆಚೆ ಬೆಟ್ಟಕ್ಕೆ ಹೋದ ಮೇಲೆ ಅವಳು ಒಬ್ಬಳೇ. ಗವಿಯಲ್ಲಿ ಕೆಮ್ಮಿದರೆ ತನ್ನ ಕೆಮ್ಮೇ ತಿರುಗಿ ಕೇಳಿಸುತ್ತಿತ್ತು.

ಒಂದು ದಿನ ಚನ್ನಿಗ ಎಂಬ ನರಿ ಚೀಲ ಹೊತ್ತು ಬಂದ.

"ಬೋರಕ್ಕ, ಇದು ಇ-ರೀಡರ್. ಇದರೊಳಗೆ ರಾಶಿ ರಾಶಿ ಕಥೆಗಳಿವೆ."

"ಇದು ಮಾತಾಡುತ್ತಾ?"

ನರಿ ಅವಳ ಮುಖ ನೋಡಿದ. ಅವಳಿಗೇನು ಬೇಕೆಂದು ತಿಳಿಯಿತು.

"ಮಾತಾಡದೆ ಏನು! ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತೆ. ಇನ್ನು ನೀವು ಒಂಟಿಯಲ್ಲ ಬಿಡಿ."

ಬೋರಮ್ಮ ಕೂಡಿಟ್ಟ ಜೇನನ್ನೆಲ್ಲ ಅವನಿಗೆ ಕೊಟ್ಟುಬಿಟ್ಟಳು.

ಸಂಜೆ ಇ-ರೀಡರನ್ನು ಎದುರಿಗಿಟ್ಟುಕೊಂಡು, "ನಿನ್ನ ಹೆಸರೇನಪ್ಪ?" ಎಂದಳು. ಪರದೆಯ ಮೇಲೆ ಅಕ್ಷರಗಳಷ್ಟೇ ಇದ್ದವು. "ನಾಚಿಕೆಯಾ?" ಎಂದಳು. ಕತ್ತಲಾಗುವವರೆಗೂ ಕಾದಳು.

ಮರುದಿನ ಇ-ರೀಡರನ್ನು ಕೆರೆಯ ಬಳಿಗೆ ತಂದು ಅದನ್ನು ಬೈದಳು: "ಕೆಲಸಕ್ಕೆ ಬಾರದ ವಸ್ತು!"

ಮುದಿ ಆಮೆ ತಿರುಕಯ್ಯ ತಲೆ ಹೊರಗೆ ಹಾಕಿದ. "ನಾನೂ ಅದನ್ನೇ ತಗೊಂಡೆ, ತಾಯಿ. ಕಣ್ಣು ಮಂಜಾಗಿ ಓದೋದೇ ನಿಂತುಹೋಗಿತ್ತು. ಇದರಲ್ಲಿ ಅಕ್ಷರ ದೊಡ್ಡದು ಮಾಡ್ಕೋಬಹುದು. ತುಂಬ ಚೆನ್ನಾಗಿದೆ."

"ಹಾಗಾದರೆ ನಿಮ್ಮದು ಒಳ್ಳೆಯದು, ನನ್ನದು ಕೆಟ್ಟದ್ದು. ಬದಲಾಯಿಸಿಕೊಳ್ಳೋಣ."

ಆಮೆ ಒಪ್ಪಿದ. ಆದರೆ ಕೆಲವು ದಿನಗಳಲ್ಲೇ ಬೋರಮ್ಮ ಮುಖ ಸಪ್ಪೆ ಮಾಡಿಕೊಂಡು ಮತ್ತೆ ಬಂದಳು. "ಇದೂ ಮಾತಾಡಲಿಲ್ಲ."

"ನಿನ್ನದರಲ್ಲಿ ನಾನು ಎರಡು ಕಥೆ ಓದಿ ಮುಗಿಸಿದೆ," ಎಂದ ಆಮೆ. "ಇದು ಇರೋದೇ ಓದೋದಕ್ಕೆ. ಮಾತಾಡುತ್ತೆ ಅಂತ ಯಾರು ಹೇಳಿದರು?"

"ಚನ್ನಿಗ."

ನರಿ ಸುಳ್ಳು ಹೇಳಿ ಮಾರಿದ ಸುದ್ದಿ ಕಾಡೆಲ್ಲ ಹರಡಿತು. ಮಳೆಗಾಲಕ್ಕೆ ಮೊದಲು ನರಿ ಗಟ್ಟಿಮುಟ್ಟಾದ ಕೊಡೆಗಳನ್ನು ತಂದ. "ಈ ಸಲ ನಿಜವಾಗಿಯೂ ಒಳ್ಳೆಯ ಮಾಲು!" ಎಂದು ಕೂಗಿದ. ಯಾರೂ ಹೊರಗೆ ಬರಲಿಲ್ಲ. ಮಾರಾಟವಾಗದ ಹೊರೆ ಹೊತ್ತು ಅವನೊಬ್ಬನೇ ಕಾಡು ಬಿಟ್ಟು ಹೋದ.

ಒಂದು ಮಧ್ಯಾಹ್ನ ಬೋರಮ್ಮ ಬೇರೇನೂ ತೋಚದೆ ಇ-ರೀಡರ್ ಕೈಗೆತ್ತಿಕೊಂಡಳು. ಅದನ್ನು ಏನೂ ಕೇಳಲಿಲ್ಲ. ಸುಮ್ಮನೆ ಓದಿದಳು. ತನ್ನ ನೆರಳಿಗೇ ಹೆದರಿ ಓಡಿದ ಆನೆಯ ಕಥೆ ಅದು. ಬೋರಮ್ಮ ಗಟ್ಟಿಯಾಗಿ ನಕ್ಕುಬಿಟ್ಟಳು. ನಕ್ಕು ಪಕ್ಕಕ್ಕೆ ತಿರುಗಿದಳು. ಅಲ್ಲಿ ಬಂಡೆ ಬಿಟ್ಟರೆ ಏನೂ ಇರಲಿಲ್ಲ.

ಆಮೇಲೆ ಎದ್ದು, ಆ ಕಥೆಯನ್ನು ತಿರುಕಯ್ಯನಿಗೆ ಹೇಳಲು ಕೆರೆಯ ಕಡೆಗೆ ನಡೆದಳು.

ನೀತಿ: ಒಂದು ವಸ್ತು ಕೊಡಲಾರದ್ದನ್ನು ಅದರಿಂದ ಬಯಸಿದರೆ ಒಳ್ಳೆಯ ವಸ್ತುವೂ ಕೆಟ್ಟದಾಗಿ ಕಾಣುತ್ತದೆ, ಸುಳ್ಳು ಆಸೆ ಹುಟ್ಟಿಸುವವನ ನಿಜವನ್ನೂ ಮುಂದೆ ಯಾರೂ ನಂಬುವುದಿಲ್ಲ.