ವಾಯಿದೆ ಗುಡ್ಡ

ಹಿರೇಗೋನಾಳದ ಪಡುವಣಕ್ಕೆ, ಹತ್ತಿಯ ಹೊಲಗಳು ಮುಗಿಯುವಲ್ಲಿ, ಒಂದು ಬೋಳು ಕಲ್ಲುಗುಡ್ಡವಿದೆ. ಹೆಚ್ಚು ಎತ್ತರದ್ದಲ್ಲ. ಬೇಸಗೆಯ ಮಧ್ಯಾಹ್ನ ದೂರದಿಂದ ನೋಡಿದರೆ ನೆಲ ಬಿಟ್ಟು ಒಂದು ಗೇಣು ಮೇಲೆ ತೇಲುತ್ತಿರುವಂತೆ ಕಾಣುತ್ತದೆ. ತುದಿಯಲ್ಲಿ ಒಂದು ಬೇವಿನ ಮರ, ಅದರ ನೆರಳಿನಲ್ಲಿ ಹೆಸರಿಲ್ಲದ ಒಂದು ಗೋರಿ, ಗೋರಿಯ ಮೇಲೆ ಅಂಚು ಬಣ್ಣಗಳಿಲ್ಲದ ಬಿಳಿಯ ಹೊದಿಕೆ. ಹತ್ತುವವರು ಬುಡದಲ್ಲೇ ಚಪ್ಪಲಿ ಕಳಚುತ್ತಾರೆ, ಅದೇನೂ ಹೊಸದಲ್ಲ. ಆದರೆ ಇಲ್ಲಿ ಗಟ್ಟಿ ದನಿಯನ್ನೂ ಬುಡದಲ್ಲೇ ಬಿಟ್ಟು ಹೋಗಬೇಕು. ಹೊಸಬರು ಮೇಲೆ ನಿಂತು ಜೋರಾಗಿ ನಕ್ಕರೆ ಕುರಿ ಕಾಯುವವರೂ ತುಟಿಯ ಮೇಲೆ ಬೆರಳಿಡುತ್ತಾರೆ. ಊರಿನ ಬಾಯಲ್ಲಿ ಇದು ವಾಯಿದೆ ಗುಡ್ಡ. ಕೋರ್ಟು ಕಚೇರಿಯ ಆ ಮಾತು ಒಂದು ಗುಡ್ಡಕ್ಕೆ ಹೇಗೆ ಅಂಟಿತೆಂದು ಕೇಳುವವರಿಗೆ, ಹಿರಿಯರು ನನಗೆ ಹೇಳಿದ್ದನ್ನೇ ನಾನೂ ಹೇಳುತ್ತೇನೆ.

ಹಿಂದೆ ಒಮ್ಮೆ, ಈ ಸೀಮೆಯನ್ನು ನವಾಬರು ಆಳುತ್ತಿದ್ದ ಕಾಲದಲ್ಲಿ, ಊರಲ್ಲಿ ಪಿಂಜಾರರ ದೊಡ್ಡ ಕೇರಿಯೂ ಕ್ರೈಸ್ತ ನೇಕಾರರ ಚಿಕ್ಕ ಕೇರಿಯೂ ಇದ್ದವು. ಮುಸಲ್ಮಾನರಾದ ಪಿಂಜಾರರು ಹಿಂಜಿದ ಹತ್ತಿ ನೂಲಾಗಿ ನೇಕಾರರ ಮಗ್ಗಕ್ಕೆ ಬರುತ್ತಿತ್ತು. ಒಂದು ವರ್ಷ ಮಾರಿಬೇನೆ ಬಡಿದು ಊರಿಗೆ ಊರೇ ಮಲಗಿತು. ಆಗ ಎಲ್ಲಿಂದಲೋ ಒಬ್ಬ ಪರದೇಶಿ ಬಂದ. ತನ್ನ ಹೆಸರು ಹೇಳಲಿಲ್ಲ, ತನ್ನ ದೇವರ ಹೆಸರನ್ನೂ ಹೇಳಲಿಲ್ಲ. ಎರಡೂ ಕೇರಿಯ ರೋಗಿಗಳಿಗೆ ನೀರು ಕುಡಿಸಿದ, ಸತ್ತವರನ್ನು ಹೊತ್ತು ಮಣ್ಣು ಮಾಡಿದ. ತಂದೆತಾಯಿ ಇಬ್ಬರೂ ಹೋಗಿಬಿಟ್ಟಿದ್ದ ನೇಕಾರರ ಹಸುಗೂಸೊಂದನ್ನು ತಂದು ಬಡೇಬಿ ಎಂಬ ಪಿಂಜಾರರ ಬಾಣಂತಿಯ ಮಡಿಲಿಗೆ ಹಾಕಿದ. ಅವಳು ತನ್ನ ಮಗ ದಾವಲಸಾಬನ ಜೊತೆಗೆ ಆ ಕೂಸಿಗೂ ಹಾಲೂಡಿಸಿ ಉಳಿಸಿದಳು. ಅದೇ ಮುಂದೆ ನೇಕಾರರ ಹಿರಿಯನಾದ ಇನ್ಯಾಸಪ್ಪ. ಬೇನೆ ಇಳಿಯುವ ಹೊತ್ತಿಗೆ ಪರದೇಶಿಯೇ ಗುಡ್ಡದ ಮೇಲೆ ಪ್ರಾಣ ಬಿಟ್ಟ. ಎದ್ದು ಓಡಾಡುವ ಬಲ ಉಳಿದಿದ್ದುದು ಬಡೇಬಿಗೆ ಮಾತ್ರ. ಅವಳೊಬ್ಬಳೇ ಗುಂಡಿ ತೋಡಿ ಅವನನ್ನು ಮಲಗಿಸಿ ಮಣ್ಣೆಳೆದಳು ಎನ್ನುತ್ತಾರೆ.

ಮುಂದೆ ಬಹುಕಾಲ ಆ ಗೋರಿಗೆ ಪಿಂಜಾರರು ಚಾದರ ಹೊದಿಸಿದರು, ನೇಕಾರರು ಮೇಣದ ಬತ್ತಿ ಹಚ್ಚಿದರು. ಅವರಿಗೆ ಫಕೀರ, ಇವರಿಗೆ ಸಂತ. ಒಂದು ಸಂಜೆ ಗಾಳಿಗೆ ಬತ್ತಿ ಉರುಳಿ ಚಾದರ ಹೊತ್ತಿಕೊಂಡಿತು. ಅದನ್ನು ನೇಯ್ದವರು ನೇಕಾರರೇ ಎಂಬುದು ಸಿಟ್ಟಿನಲ್ಲಿ ಒಬ್ಬರಿಗೂ ನೆನಪಾಗಲಿಲ್ಲ, ನೋಡಿ. ಆ ವೇಳೆಗೆ ಪಿಂಜಾರರ ಹಿರಿಯನಾಗಿದ್ದ ದಾವಲಸಾಬ, ಇನ್ನು ನೇಕಾರರಿಗೆ ಹತ್ತಿ ಹಿಂಜುವುದಿಲ್ಲವೆಂದ. ಇನ್ಯಾಸಪ್ಪ, ಜೀವ ಹೋದರೂ ಗುಡ್ಡ ಬಿಡುವುದಿಲ್ಲವೆಂದ. ಒಂದೇ ತಾಯಿಯ ಹಾಲು ಕುಡಿದವರು ದಾರಿಯಲ್ಲಿ ಎದುರಾದರೆ ಮುಖ ತಿರುವಿದರು. ಚಿಕ್ಕ ಕೇರಿಯಲ್ಲಿ ಮೊದಲು ಮಗ್ಗ ನಿಂತವು, ಆಮೇಲೆ ಒಲೆ ಆರಿದವು. ದೊಣ್ಣೆಗಳು ಹೊರಬಂದ ಮೇಲೆ, ಎಂದಿನಂತೆ ತಡವಾಗಿ ಎಚ್ಚೆತ್ತ ಸರ್ಕಾರ ಅಮಲ್ದಾರ ಬುರಾನುದ್ದೀನ ಸಾಹೇಬರನ್ನು ಕಳಿಸಿತು.

ಅಮಲ್ದಾರರು ತಮ್ಮ ಮತದವರೆಂದು ಪಿಂಜಾರರು ಹಿಗ್ಗಿದರು. ಅದೇ ಕಾರಣಕ್ಕೆ ನೇಕಾರರು ಮಗ್ಗ ಬಿಚ್ಚಿ ಗಾಡಿಗೆ ಹೇರತೊಡಗಿದರು. ಸಾಹೇಬರು ಯಾರ ಮನೆಯ ಊಟವನ್ನೂ ಮುಟ್ಟಲಿಲ್ಲ. ಬೇವಿನ ಕೆಳಗೆ ಜಮಖಾನೆ ಹಾಸಿ ಕುಳಿತು, ಗೋರಿಯನ್ನು ಅಗೆದು ನೋಡುವುದೆಂದು ಹುಕುಂ ಮಾಡಿದರು. ಮಲಗಿಸಿದ್ದು ಬಲಮಗ್ಗುಲಿಗೆ, ಪಡುವಣಕ್ಕೆ ಮುಖವಾಗಿ ಎಂದಾದರೆ ಆತ ಮುಸಲ್ಮಾನ. ಅಂಗಾತವಾಗಿ ಎಂದಾದರೆ ಕ್ರೈಸ್ತ. ಗೆದ್ದವರಿಗೆ ಗುಡ್ಡ, ಸೋತವರು ಇತ್ತ ತಲೆಹಾಕಿಯೂ ಮಲಗಬಾರದು. ಅವರ ಮನಸ್ಸಿನಲ್ಲಿ ಮೋಸವಿರಲಿಲ್ಲ, ಅದನ್ನು ಒಪ್ಪಬೇಕು. ನಿಜವೊಂದು ಹೊರಬಿದ್ದರೆ ಜಗಳ ತಾನೇ ತಣ್ಣಗಾಗುತ್ತದೆಂದು ನಂಬಿದ್ದ ಮನುಷ್ಯ, ಪಾಪ.

ಗುದ್ದಲಿಗಳು ಬಂದವು. ಅಷ್ಟರಲ್ಲಿ ಕಣ್ಣು ಮಂಜಾಗಿದ್ದ ಮುದುಕಿ ಬಡೇಬಿ ಬಂಡೆಗಳನ್ನು ತಡಕುತ್ತ ಗುಡ್ಡ ಹತ್ತುವುದು ಕಂಡಿತು. ದಾವಲಸಾಬನೂ ಇನ್ಯಾಸಪ್ಪನೂ ಒಟ್ಟಿಗೇ ಇಳಿದು ಓಡಿದರು. ಆಳಿಗೊಂದು ರಟ್ಟೆ ಹಿಡಿದು ಅವಳನ್ನು ಮೇಲೆ ತಂದರು. ಆದರೂ ಒಬ್ಬರನ್ನೊಬ್ಬರು ನೋಡಲಿಲ್ಲ.

“ಅವ್ವಾ, ಇವರನ್ನ ಮಣ್ಣಾಗ ಮಲಗಿಸಿದಾಕಿ ನೀನಂತ,” ಎಂದರು ಅಮಲ್ದಾರರು. “ಯಾವ ಮಗ್ಗುಲಾಗ ಮಲಗಿಸಿದಿ ಹೇಳಿಬಿಡು. ಅಗಿಯೂದಾದರೂ ತಪ್ಪತದ.”

ಬಡೇಬಿ ಗೋರಿಯ ಪಕ್ಕ ಕುಳಿತು ಅದರ ಮೇಲೆ ಅಂಗೈ ಇಟ್ಟಳು. ಅವಳು ಸುಳ್ಳು ಹೇಳುವವಳಲ್ಲವೆಂದು ಎರಡೂ ಕೇರಿಗೆ ಗೊತ್ತಿತ್ತು. ಒಂದು ಮಾತು ಆಡಿದರೆ ಅವಳ ಇಬ್ಬರು ಮಕ್ಕಳಲ್ಲಿ ಒಬ್ಬ ಸೋಲುತ್ತಾನೆ, ಮತ್ತೆಂದೂ ಅವರು ಅಣ್ಣತಮ್ಮಂದಿರಾಗುವುದಿಲ್ಲ. ಆ ಹೊತ್ತಿನಲ್ಲಿ ಕೆಳಗಿನ ಹೊಲಗಳಿಂದ ಗಾಳಿ ಎದ್ದಿತಂತೆ. ಒಡೆದ ಹತ್ತಿಯ ಎಳೆಗಳು ತೇಲಿಬಂದು ಗೋರಿಯ ಮೇಲೆ, ಮುದುಕಿಯ ತಲೆಯ ಮೇಲೆ, ಗುದ್ದಲಿಗಳ ಮೇಲೆ ಕುಳಿತವು. ಕೂಗಾಡುತ್ತಿದ್ದವರ ದನಿ ತಾನಾಗಿ ಇಳಿಯಿತು, ಕಣ್ಣುಗಳು ಭಾರವಾದವು, ಅಮಲ್ದಾರರ ಕುದುರೆ ನಿಂತಲ್ಲೇ ತೂಕಡಿಸಿತು. ಮುದುಕಿ ಗೋರಿಯನ್ನು ಮೆಲ್ಲಗೆ ತಟ್ಟುತ್ತಿದ್ದಳು, ತೊಟ್ಟಿಲ ಕೂಸನ್ನು ತಟ್ಟುವಂತೆ.

“ಮೆಲ್ಲಗ ಮಾತಾಡ್ರಿ ಸಾಹೇಬರ,” ಎಂದಳು ಕೊನೆಗೆ. “ಎರಡೂ ಕೇರಿ ಹೆಣ ಹೊತ್ತು ದಣದು ಮಲಗ್ಯಾರ ಇವರು. ಎದ್ದ ಮ್ಯಾಲ ಅವರನ್ನ ಕೇಳ್ರಿ.”

ಅಮಲ್ದಾರರು ಗುದ್ದಲಿಯವರಿಗೆ ಹಿಂದೆ ಸರಿಯಲು ಕೈಸನ್ನೆ ಮಾಡಿದರು. ಆಮೇಲೆ ಪಿಸುದನಿಯಲ್ಲಿ ಹುಕುಂ ಹೇಳಿದರು: ಮುಖ್ಯ ಸಾಕ್ಷಿ ನಿದ್ದೆಯಲ್ಲಿದ್ದಾರೆ, ಅವರಿಗೆ ಎಚ್ಚರವಾಗುವ ತನಕ ಮೊಕದ್ದಮೆಗೆ ವಾಯಿದೆ, ಅಲ್ಲಿಯವರೆಗೆ ಗುಡ್ಡದ ಮೇಲೆ ಯಾರೂ ದನಿ ಎತ್ತಕೂಡದು, ಬತ್ತಿಯನ್ನು ಗಾಳಿ ತಾಗದ ಬಂಡೆಯ ಪೊಟರೆಯಲ್ಲಿ ಹಚ್ಚಬೇಕು, ಮಲಗಿದವರ ಹೊದಿಕೆಯ ಹತ್ತಿಯನ್ನು ಪಿಂಜಾರರು ಹಿಂಜಬೇಕು, ನೇಕಾರರು ನೇಯಬೇಕು. ತಕರಾರು ಎತ್ತಬೇಕೆಂದಿದ್ದ ಎರಡೂ ಕಡೆಯವರು ದೊಣ್ಣೆ ಕೆಳಗಿಟ್ಟರು. ಸತ್ತವರೆಲ್ಲ ಒಂದು ದಿನ ಎದ್ದೇ ಏಳುತ್ತಾರೆಂಬುದು ಮಸೀದಿಯ ಮಾತೂ ಹೌದು, ಇಗರ್ಜಿಯ ಮಾತೂ ಹೌದು. ಈತ ಏಳುವುದಿಲ್ಲವೆಂದು ಯಾರು ಹೇಳಬೇಕು? ಸಾಹೇಬರು ಗೋರಿಗೆ ಸಲಾಂ ಮಾಡಿ ಇಳಿದರು. ಗಾಡಿಯ ಮೇಲಿದ್ದ ಮಗ್ಗಗಳೂ ಇಳಿದವು. ಸರ್ಕಾರದ ಮುಂದೂಡುವ ಚಾಳಿಯನ್ನು ನಾನು ಬೇಕಾದಷ್ಟು ಬೈದಿದ್ದೇನೆ. ಇದೊಂದನ್ನು ಬೈಯಲು ಮನಸ್ಸು ಬರುವುದಿಲ್ಲ.

ಕೆಲವು ವರ್ಷಗಳ ಮೇಲೆ ಬಡೇಬಿ ಹಾಸಿಗೆ ಹಿಡಿದಳು. ಗುಡ್ಡದ ನಿಜ ಗೊತ್ತಿದ್ದವಳು ಅವಳೊಬ್ಬಳೇ. ತಲೆಯ ಬಳಿ ದಾವಲಸಾಬ, ಕಾಲ ಬಳಿ ಇನ್ಯಾಸಪ್ಪ ಕಡೆಯವರೆಗೂ ಕುಳಿತಿದ್ದರು. ಯಾವ ಮಗ್ಗುಲೆಂದು ಇಬ್ಬರೂ ಕೇಳಲಿಲ್ಲ ಎನ್ನುತ್ತಾರೆ.

ಇಂದಿಗೂ ಹೋದವರಿಗೆ ಬಂಡೆಯ ಪೊಟರೆಯಲ್ಲಿ ಮೇಣ ಕರಗಿ ಹರಿದ ಗುರುತು ಕಾಣುತ್ತದೆ. ಹತ್ತಿ ಬಿಡಿಸುವ ಕಾಲದಲ್ಲಿ ಹೊದಿಕೆ ಬದಲಾಗುವ ದಿನ ತಾಲ್ಲೂಕು ಕಚೇರಿಯಿಂದ ಒಬ್ಬರು ಬಂದು, ಚಪ್ಪಲಿ ಕಳಚಿ, ಗುಡ್ಡ ಹತ್ತಿ, “ಸಾಕ್ಷಿ ಎದ್ದಾರೇನ್ರಿ?” ಎಂದು ಮೆಲ್ಲಗೆ ಕೇಳುತ್ತಾರೆ. ಎರಡೂ ಕೇರಿಯ ಹಿರಿಯರು ಹೊಸ ಹೊದಿಕೆಯ ಆಚೆ ತುದಿ ಈಚೆ ತುದಿ ಹಿಡಿದು ನಿಂತಿರುತ್ತಾರೆ. ಅದನ್ನು ಗೋರಿಯ ಮೇಲೆ ಇಳಿಬಿಟ್ಟು, ಮಡಿಕೆ ಸರಿಮಾಡಿ, ಒಟ್ಟಿಗೇ ಹೇಳುತ್ತಾರೆ: “ಇಲ್ರಿ. ಇನ್ನಾ ಮಲಗ್ಯಾರ.”