ಹೊಳೆ ದಾಟಿದ ಕುದುರೆ

ಭೀಮಾ ಹೊಳೆಯ ದಂಡೆಯಲ್ಲಿ ಅಡವಯ್ಯಜ್ಜನವರ ಆಶ್ರಮವಿತ್ತು. ಮಣ್ಣಿನ ಗೋಡೆಯ ಎರಡು ಕೋಣೆ, ಅಂಗಳದಲ್ಲೊಂದು ಬೇವಿನ ಮರ, ಹಿಂದೆ ಕುದುರೆಯ ಲಾಯ. ಅಷ್ಟೇ.

ಸುತ್ತಲಿನ ಹಳ್ಳಿಗಳಲ್ಲಿ ಯಾರಿಗೆ ಕಷ್ಟ ಬಂದರೂ ಅಜ್ಜನಿಗೆ ಕರೆ ಬರುತ್ತಿತ್ತು. ವಯಸ್ಸಾಗಿದ್ದ ಅಜ್ಜನನ್ನು ಹೊತ್ತು ತಿರುಗುತ್ತಿದ್ದದ್ದು ಹವಳ ಎಂಬ ಕೆಂಪು ಕುದುರೆ.

ಚನ್ನಮಲ್ಲ ಶಿಷ್ಯನಾಗಿ ಬಂದಾಗ ಅವನಿಗೆ ಮೂವತ್ತು ದಾಟಿತ್ತು. ಮಗ್ಗದ ಕೆಲಸವನ್ನು ತಮ್ಮನಿಗೆ ಬಿಟ್ಟುಕೊಟ್ಟು, ಧ್ಯಾನ ಕಲಿಯಬೇಕೆಂದು ಬಂದಿದ್ದ. ಅಜ್ಜ ಅವನ ಕೈಗೆ ಕುದುರೆಯ ಹಗ್ಗ ಕೊಟ್ಟರು.

"ಧ್ಯಾನ ಯಾವಾಗ ಕಲಸ್ತೀರಿ, ಅಜ್ಜಾರ?"

"ಹಗ್ಗ ಸಡಿಲ ಹಿಡಿಯೋದು ಬಂದಮ್ಯಾಲ."

ಚಳಿ ಶುರುವಾಗುವ ಹೊತ್ತಿಗೆ ಅಜ್ಜ ಅನುಷ್ಠಾನಕ್ಕೆ ಕೂರುವುದು ವಾಡಿಕೆ. ಒಳಕೋಣೆ ಸೇರಿದರೆ ಚಳಿ ಕಳೆಯುವ ತನಕ ಹೊರಗೆ ಬರುತ್ತಿರಲಿಲ್ಲ. ಆ ವರ್ಷ ಕೂರುವ ಮುಂಚೆ ಚನ್ನಮಲ್ಲನನ್ನು ಲಾಯಕ್ಕೆ ಕರೆದೊಯ್ದು ಹವಳನ ಕುತ್ತಿಗೆ ಸವರುತ್ತ ನಿಂತರು.

"ದಿನಾ ಬೆಳಿಗ್ಗೆ ಇದರ ಕೂಡ ಹೊಳಿದಂಡಿಗುಂಟ ನಡಿ. ನಡೆದಷ್ಟು ತಿನ್ನಿಸು."

ಇದೇನು ಮಹಾ ಎಂದುಕೊಂಡ ಚನ್ನಮಲ್ಲ.

ಮೊದಮೊದಲು ನಡೆದ. ಆಮೇಲೆ ಹೊಳೆಯ ಮೇಲಿಂದ ಮಂಜು ಏಳತೊಡಗಿತು. ಬೆಳಗಿನ ಮರಳಿಗೆ ಕಾಲಿಟ್ಟರೆ ಅಂಗಾಲು ಮರಗಟ್ಟುತ್ತಿತ್ತು. ಒಂದು ದಿನ ಕಂಬಳಿಯೊಳಗಿಂದ ಏಳಲಿಲ್ಲ. ನಾಳೆ ಎರಡರಷ್ಟು ನಡೆದರಾಯಿತು ಅಂದುಕೊಂಡ. ಆ ನಾಳೆಯೂ ಚಳಿಯಿತ್ತು.

ಕುದುರೆ ಲಾಯದಲ್ಲೇ ನಿಂತಿತು.

ಅವನು ಕೆಟ್ಟವನಲ್ಲ. ಕುದುರೆಯ ಮುಖ ನೋಡಿದಾಗಲೆಲ್ಲ ಮನಸ್ಸಿನಲ್ಲಿ ಮುಳ್ಳಾಡುತ್ತಿತ್ತು. ಆ ಮುಳ್ಳಿಗಾಗಿ ಒಂದು ಹಿಡಿ ಹುರಳಿ ಹೆಚ್ಚು ಬೇಯಿಸಿ ಹಾಕುತ್ತಿದ್ದ, ಮೇಲೊಂದು ಬೆಲ್ಲದ ಚೂರು. ಹವಳ ಅವನ ಅಂಗೈ ನೆಕ್ಕುತ್ತಿತ್ತು. ಮೈ ತುಂಬಿಕೊಂಡು ಮಿರಮಿರ ಮಿಂಚತೊಡಗಿತು. ಆಶ್ರಮದ ಅಡುಗೆ ನೋಡಿಕೊಳ್ಳುತ್ತಿದ್ದ ಕಾಶವ್ವ, ಅಜ್ಜ ಸಾಕುತ್ತಿದ್ದಾಗಲೂ ಕುದುರೆ ಇಷ್ಟು ಚಂದ ಇರಲಿಲ್ಲ ಅಂದಳು. ಚನ್ನಮಲ್ಲ ಬೇಡ ಅನ್ನಲಿಲ್ಲ, ಹೊಗಳಿಕೆಯನ್ನು ಇಟ್ಟುಕೊಂಡ.

ಚಳಿ ಹಿಂದೆ ಸರಿಯಿತು. ಬೇವು ಎಲೆ ಉದುರಿಸಿ ತುದಿಯಲ್ಲಿ ಕೆಂಪು ಚಿಗುರು ತೋರಿಸಿತು. ಜೋಳದ ಹೊಲಗಳು ಬೋಳಾದವು. ಅದುವರೆಗೆ ಒಂದೇ ದಿಕ್ಕಿನಿಂದ ಬೀಸುತ್ತಿದ್ದ ಗಾಳಿ ಈಗ ಎಲ್ಲ ಕಡೆಯಿಂದ ನುಗ್ಗತೊಡಗಿತು, ಒಮ್ಮೆ ಬೆಚ್ಚಗೆ, ಒಮ್ಮೆ ತಣ್ಣಗೆ. ಎಲ್ಲೋ ದೂರದ ಹೆಣ್ಣುಗುದುರೆಯ ವಾಸನೆಯನ್ನೂ ಹೊತ್ತು ತರುತ್ತಿತ್ತು.

ಹವಳನ ಒಳಗೆ ಏನೋ ಎದ್ದಿತು.

ತರಗೆಲೆ ಸರಿದರೆ ಬೆಚ್ಚಿ ಬೀಳುತ್ತಿತ್ತು. ಬಾಗಿಲಿಗೆ ಒದೆಯುತ್ತಿತ್ತು. ಬಾಲ ಎತ್ತಿ, ಮೂಗಿನ ಹೊಳ್ಳೆ ಅರಳಿಸಿ, ನಿಂತಲ್ಲೇ ಬೆವರುತ್ತಿತ್ತು. ಮೈ ತಿಕ್ಕಲು ಹೋದ ಚನ್ನಮಲ್ಲನ ಭುಜಕ್ಕೆ ಬಾಯಿ ಹಾಕಿತು.

ಅವನು ಗದರಿದ. ಹಗ್ಗ ಗಿಡ್ಡ ಮಾಡಿ ಕಟ್ಟಿದ. ಕಣ್ಣಿಗೆ ಬಟ್ಟೆ ಕಟ್ಟಿ ನೋಡಿದ. ಒಂದು ದಿನ ಪೂರ್ತಿ ಉಪವಾಸ ಕೆಡವಿ, ಮರುದಿನ ಮನಸ್ಸು ತಡೆಯದೆ ದುಪ್ಪಟ್ಟು ತಿನ್ನಿಸಿದ. ಒಂದೊಂದು ಉಪಾಯಕ್ಕೂ ಕುದುರೆ ಇನ್ನಷ್ಟು ಕೆರಳಿತು. ಹೊರಗೆ ಕರೆದೊಯ್ಯಲು ಈಗ ಅವನಿಗೆ ಚಳಿಯ ಅಡ್ಡಿ ಇರಲಿಲ್ಲ, ಭಯದ ಅಡ್ಡಿ ಇತ್ತು.

ಅಂಥದರಲ್ಲಿ ಅಜ್ಜನ ಅನುಷ್ಠಾನ ಮುಗಿಯಿತು. ಹೊರಗೆ ಬಂದ ಬೆಳಿಗ್ಗೆಯೇ ಮೇಲಿನ ಹಳ್ಳಿಯಿಂದ ಕರೆ ಬಂದಿತ್ತು. ಯಾರದೋ ಮನೆಯಲ್ಲಿ ಅಣ್ಣತಮ್ಮಂದಿರು ಕೊಡಲಿ ಹಿಡಿದು ನಿಂತಿದ್ದರಂತೆ. ಅಜ್ಜ ಕುದುರೆಗೆ ಜೀನು ಹಾಕಲು ಹೇಳಿದರು. ಹವಳ ಸುತ್ತಿ ಸುತ್ತಿ ಹಗ್ಗ ಜಗ್ಗುತ್ತಿತ್ತು.

"ಚಳಿಯಾಗ ದಿನಾ ನಡೆದೀರೇನು ಇಬ್ಬರೂ?"

"ನಡೆದೀವಿ, ಅಜ್ಜಾರ."

ಅಜ್ಜ ನಂಬಿದರು, ಏರಿದರು.

ದಂಡೆಯ ತಿರುವಿನಲ್ಲಿ ಅಗಸರು ಬಟ್ಟೆ ಹರವಿದ್ದರು. ಗಾಳಿಗೆ ಒಂದು ಬಿಳಿ ಸೀರೆ ಮೇಲೆದ್ದು ಪಟಪಟ ಅಂದಿತು. ಹವಳ ಅಡ್ಡಕ್ಕೆ ಹಾರಿತು, ಮತ್ತೆ ಹಾರಿತು, ಬೆನ್ನು ಬಿಲ್ಲಿನಂತೆ ಎತ್ತಿ ಕುಣಿಯಿತು. ಹಿಂದೆ ಓಡಿಬರುತ್ತಿದ್ದ ಚನ್ನಮಲ್ಲ ನೋಡುತ್ತಿದ್ದಂತೆ ಅಜ್ಜ ಗಾಳಿಯಲ್ಲಿ ಕಂಡರು, ಮರುಕ್ಷಣ ಕಲ್ಲಿನ ಮೇಲೆ ಕಂಡರು.

ಕುದುರೆ ಓಡಿಹೋಗಲಿಲ್ಲ. ಸ್ವಲ್ಪ ದೂರ ಹೋಗಿ ತಿರುಗಿ ಬಂದು, ಬಿದ್ದ ಅಜ್ಜನ ಪಕ್ಕದಲ್ಲಿ ನಡುಗುತ್ತ ನಿಂತಿತು.

ಅಜ್ಜನ ತೊಡೆಯ ಎಲುಬು ಸೊಂಟದ ಹತ್ತಿರ ಮುರಿದಿತ್ತು. ಕಟ್ಟು ಹಾಕಲು ಬಂದವನು, ವಯಸ್ಸಿನ ಎಲುಬು ಕೂಡುವುದು ಕಷ್ಟ, ಇನ್ನು ಎದ್ದು ನಡೆದಾಡುವ ಆಸೆ ಇಟ್ಟುಕೊಳ್ಳಬೇಡಿ ಎಂದು ಹೊರಗೆ ಬಂದು ಹೇಳಿದ. ಮೇಲಿನ ಹಳ್ಳಿಯ ಜಗಳಕ್ಕೆ ಯಾರೂ ಹೋಗಲಿಲ್ಲ. ಅಲ್ಲಿ ತಮ್ಮನು ಅಣ್ಣನ ಕೈ ಕಡಿದ ಸುದ್ದಿ ಸಂಜೆಗೆ ಬಂತು.

ಅಜ್ಜನನ್ನು ಮಲಗಿಸಿದ್ದ ಹೊರಸನ್ನು ಬೇವಿನ ನೆರಳಿಗೆ ತಂದಿಟ್ಟರು. ಊರ ಹಿರಿಯರು ಬಂದು ಸುತ್ತ ಕೂತರು. ಆ ಕುದುರೆಗೆ ಹುಚ್ಚು ಹಿಡಿದಿದೆ, ಗುರುವನ್ನೇ ಕೆಡವಿದ ಪ್ರಾಣಿ ಆಶ್ರಮದಲ್ಲಿ ಇರಬಾರದು ಎಂದು ಎಲ್ಲರದೂ ಒಂದೇ ಮಾತು. ಹೊಳೆಯ ಆಚೆ ಸುಣ್ಣದ ಬಟ್ಟಿ ನಡೆಸುವ ಒಬ್ಬ ಅದನ್ನು ಗಾಡಿಗೆ ಹೂಡಲು ಒಯ್ಯುವುದಾಗಿ ಹೇಳಿದ. ಎಂಥ ಕುದುರೆಯನ್ನಾದರೂ ಬಗ್ಗಿಸುತ್ತೇನೆ ಅಂದ.

ಅಜ್ಜ ಎಲ್ಲ ಕೇಳಿಸಿಕೊಂಡರು. ಆಮೇಲೆ ಶಿಷ್ಯನ ಕಡೆ ಮುಖ ತಿರುಗಿಸಿದರು.

"ಚನ್ನಮಲ್ಲ, ಹವಳನ ಕೂಡ ದಿನಾ ಇದ್ದವ ನೀನು. ನೀ ಏನಂತಿ?"

ಎಲ್ಲರೂ ಅವನತ್ತ ನೋಡಿದರು. ಹೇಳಿದರೆ ಈ ಇಷ್ಟು ಜನರ ಕಣ್ಣಲ್ಲಿ ತಾನು ಏನಾಗುತ್ತೇನೆ ಎಂಬುದೊಂದೇ ಅವನ ತಲೆಯಲ್ಲಿ ತಿರುಗಿತು.

"ಗಾಳಿ ಬದಲಾದ್ರ ಕುದುರಿ ಹಂಗ ಆಗ್ತಾವ, ಅಜ್ಜಾರ."

ಅಜ್ಜ ಕಣ್ಣು ಮುಚ್ಚಿದರು. ಮತ್ತೇನೂ ಕೇಳಲಿಲ್ಲ.

ಕುದುರೆಯನ್ನು ಬಿಚ್ಚಿಕೊಡುವ ಕೆಲಸ ಅವನ ಪಾಲಿಗೇ ಬಂತು. ಹವಳ ಅವನ ಹೆಗಲಿಗೆ ಹಣೆ ಉಜ್ಜಿತು, ಅಂಗೈಯಲ್ಲಿ ಬೆಲ್ಲ ಹುಡುಕಿತು. ಬಟ್ಟಿಯವನು ಹಗ್ಗ ಜಗ್ಗಿದ. ಹೊಳೆಯಲ್ಲಿ ಮೊಳಕಾಲು ನೀರಿತ್ತು. ನಡುನೀರಿನಲ್ಲಿ ಕುದುರೆ ಒಮ್ಮೆ ನಿಂತು ತಿರುಗಿ ನೋಡಿ ಕೆನೆಯಿತು. ಆಚೆ ದಂಡೆ ಹತ್ತಿ ಮರೆಯಾಯಿತು.

ಬೇಸಿಗೆ ಕಳೆಯಿತು, ಮಳೆ ಕಳೆಯಿತು. ಚನ್ನಮಲ್ಲ ಅಜ್ಜನನ್ನು ಎತ್ತಿ ಕೂರಿಸಿದ, ಮೈ ತೊಳೆದ, ಹೊರಸನ್ನು ಬಿಸಿಲಿಗೂ ನೆರಳಿಗೂ ಸರಿಸಿದ. ನೋಡಿದವರು ಶಿಷ್ಯನೆಂದರೆ ಹೀಗಿರಬೇಕು ಅನ್ನುತ್ತಿದ್ದರು. ಆ ಮಾತು ಕೇಳಿದ ದಿನ ಅವನಿಗೆ ಊಟ ಇಳಿಯುತ್ತಿರಲಿಲ್ಲ.

ಮತ್ತೆ ಚಳಿ ಬರುವ ಹೊತ್ತಿಗೆ ಭಕ್ತರೊಬ್ಬರು ಒಂದು ಎಳೆಯ ಹೆಣ್ಣುಗುದುರೆ ತಂದು ಕಟ್ಟಿದರು. ಏರಲಾಗದ ಅಜ್ಜನಿಗೆ ಕುದುರೆ ಯಾಕೆ ಎಂದು ಕಾಶವ್ವ ಗೊಣಗಿದಳು. ಅಜ್ಜ ಹಗ್ಗವನ್ನು ಶಿಷ್ಯನತ್ತ ಚಾಚಿದರು. ಹೋದ ವರ್ಷ ಹೇಳಿದ್ದನ್ನು ಮತ್ತೆ ಹೇಳಲಿಲ್ಲ.

ಈ ಸಲ ಅವನು ನಡೆದ. ಮಂಜಿನಲ್ಲಿ ನಡೆದ, ಅಂಗಾಲು ಬಿರಿದು ನೆತ್ತರು ಜಿನುಗಿದರೂ ನಡೆದ. ಕುದುರೆ ಹೆಚ್ಚು ನಡೆದ ದಿನ ಹುರಳಿ ಹೆಚ್ಚು ಹಾಕಿದ. ಜ್ವರ ಬಂದು ತಾನು ಮಲಗಿದ ದಿನ ಕಾಶವ್ವನಿಗೆ ಹೇಳಿ ಒಣಹುಲ್ಲು ಮಾತ್ರ ಹಾಕಿಸಿದ. ಕುದುರೆಯ ಉಸಿರಿನ ಲಯ ಅವನ ಉಸಿರಿಗೆ ಹತ್ತಿತು.

ಚಿಗುರಿನ ಕಾಲ ಬಂತು, ಅದೇ ದಿಕ್ಕುಗೆಟ್ಟ ಗಾಳಿ ಬಂತು. ಒಂದು ಬೆಳಿಗ್ಗೆ ದಂಡೆಯ ಮೇಲೆ ಹೆಣ್ಣುಗುದುರೆ ಫಕ್ಕನೆ ಬಾಲ ಎತ್ತಿತು, ಮೈ ನಡುಗಿಸಿ ಅಡ್ಡಕ್ಕೆ ಜಿಗಿಯಿತು. ಚನ್ನಮಲ್ಲನ ಎದೆ ಧಸಕ್ಕೆಂದಿತು. ಆದರೆ ಹಗ್ಗ ಬಿಗಿ ಮಾಡಲಿಲ್ಲ. ಗದರಲಿಲ್ಲ. ಉದ್ದನೆಯ ಹಗ್ಗವನ್ನು ಪೂರ್ತಿ ಬಿಟ್ಟು, ಮರಳಿನ ನಡುವೆ ಸುಮ್ಮನೆ ನಿಂತುಕೊಂಡ. ಅದು ಅವನ ಸುತ್ತ ಓಡಿತು, ಒದೆಯಿತು, ಕೆನೆಯಿತು, ಮತ್ತೆ ಓಡಿತು. ಆಮೇಲೆ ಓಟ ನಡಿಗೆಯಾಯಿತು. ತಲೆ ತಗ್ಗಿಸಿ, ನಾಲಿಗೆಯಿಂದ ತುಟಿ ಸವರಿಕೊಳ್ಳುತ್ತ ಹತ್ತಿರ ಬಂದು ಅವನ ಎದೆಗೆ ಮೂತಿ ಒತ್ತಿ ನಿಂತಿತು.

ಇಷ್ಟೇ ಇತ್ತು. ಇಷ್ಟು ಮಾಡಿದ್ದರೆ ಸಾಕಿತ್ತು.

ಚನ್ನಮಲ್ಲ ಮರಳಲ್ಲಿ ಕುಸಿದು ಕೂತು ಅತ್ತ.

ಅಳು ಮುಗಿದ ಮೇಲೆ ನೇರ ಆಶ್ರಮಕ್ಕೆ ಹೋಗಿ ಅಜ್ಜನ ಹೊರಸಿನ ಬಳಿ ನೆಲಕ್ಕೆ ಹಣೆ ಹಚ್ಚಿದ. ಕಂಬಳಿಯಿಂದ ಏಳದ ದಿನಗಳನ್ನು ಹೇಳಿದ, ಹುರಳಿ ಬೆಲ್ಲ ಹೇಳಿದ, ಕಟ್ಟಿಹಾಕಿದ್ದು, ಉಪವಾಸ ಕೆಡವಿದ್ದು ಹೇಳಿದ. ನಡೆದೀವಿ ಎಂದು ಹೇಳಿದ ಸುಳ್ಳನ್ನೂ ಹೇಳಿದ.

"ಗೊತ್ತಿತ್ತು," ಅಂದರು ಅಜ್ಜ.

ಅವನು ತಲೆ ಎತ್ತಿದ.

"ಏರೂಮುಂದ ಅದರ ಮುಖ ಅಷ್ಟ ನೋಡಿದ್ದೆ. ಬಿದ್ದಮ್ಯಾಲ ಕಣ್ಣ ಮುಂದ ಅದರ ಕಾಲು ಬಂದ್ವು. ಗೊರಸು ಒಂದೀಟೂ ಸವೆದಿರಲಿಲ್ಲ. ಹಾಸಿಗಿ ಹಿಡಿದವನ ಉಗುರಿನಂಗ ಬೆಳೆದು ಮುಂದ ಚಾಚಿದ್ವು."

ಅಜ್ಜ ಹೊಳೆಯ ಕಡೆ ಕೈ ಮಾಡಿದರು.

"ಹೋಗಿ ನೋಡಿಕೊಂಡು ಬಾ."

ಅವನು ಹೊಳೆ ದಾಟಿ ಹೋದ. ಸುಣ್ಣದ ಬಟ್ಟಿಯ ಹೊಗೆ ದೂರದಿಂದಲೇ ಕಂಡಿತು. ಕಲ್ಲು ತುಂಬಿದ ಗಾಡಿಗೆ ಹೂಡಿದ ಬಿಳಿ ಕುದುರೆಯೊಂದು ನಿಂತಿತ್ತು. ಹತ್ತಿರ ಹೋದಾಗ ಗೊತ್ತಾಯಿತು, ಅದು ಬಿಳಿಯಲ್ಲ. ಸುಣ್ಣದ ಪುಡಿಯ ಕೆಳಗೆ ಕೆಂಪು ಇತ್ತು. ಕಣ್ಣಂಚಿನಲ್ಲಿ ಕೀವು ಒಸರುತ್ತಿತ್ತು. ಲಗಾಮು ಕೊಯ್ದು ಬಾಯಿಯ ಮೂಲೆ ದಪ್ಪಗಟ್ಟಿತ್ತು.

ಅದೇ ಗಾಳಿ ಅಲ್ಲಿಯೂ ಬೀಸುತ್ತಿತ್ತು. ತಗಡೊಂದು ಎದ್ದು ಢಣ್ಣೆಂದು ಬಿತ್ತು. ಕುದುರೆಯ ಕಿವಿ ಅಲುಗಲಿಲ್ಲ.

ಬಟ್ಟಿಯವನು ಗುರುತು ಹಿಡಿದು ಕೂರಲು ಹೇಳಿದ, ನೀರು ಕೊಟ್ಟ. ಮೊದಲು ತುಂಬ ಕಾಡಿತು, ಈಗ ಕೂಸಿನಂತಾಗಿದೆ, ಇದರಷ್ಟು ಸಾಧು ಪ್ರಾಣಿ ನನ್ನ ಹತ್ತಿರ ಬೇರೆ ಇಲ್ಲ ಎಂದು ಅಭಿಮಾನದಿಂದಲೇ ಹೇಳಿದ. ಚನ್ನಮಲ್ಲ ಕೈಮುಗಿದು ಅದನ್ನು ತಿರುಗಿ ಕೇಳಿದ. ಇದು ಹೋದರೆ ಗಾಡಿ ಎಳೆಯುವವರು ಯಾರು, ನನ್ನ ಮನೆ ನಡೆಯುವುದೇ ಇದರ ಮೇಲೆ ಅಂದ ಬಟ್ಟಿಯವನು. ಬದಲಿಗೆ ಬೇರೆ ಕುದುರೆ ಇದ್ದರೆ ನೋಡೋಣ ಅಂದ.

ಹೆಣ್ಣುಗುದುರೆಯ ಮಾತು ಚನ್ನಮಲ್ಲನ ತುಟಿಯ ತನಕ ಬಂತು. ಆ ನೊಗದ ಕೆಳಗೆ ಅದರ ಕುತ್ತಿಗೆ ಕಣ್ಣಿಗೆ ಕಟ್ಟಿತು. ನುಂಗಿಕೊಂಡ.

ಹೊರಡುವ ಮುನ್ನ ಹವಳನ ಬಾಯಿಗೆ ಬೆಲ್ಲ ಹಿಡಿದ. ಅದು ಮೂಸಿ ನೋಡಿತು. ತಿನ್ನಲಿಲ್ಲ. ಹಣೆಗೆ ಕೈ ಎತ್ತಿದಾಗ ಏಟು ಬೀಳುತ್ತದೆಂದು ಕಣ್ಣು ಮುಚ್ಚಿಕೊಂಡಿತು.

ತಿರುಗಿ ಬಂದಾಗ ಇಳಿಬಿಸಿಲು. ಅಜ್ಜ ಹೊರಸಿನ ಮೇಲೆ ದಿಂಬಿಗೆ ಒರಗಿ ದಾರಿ ನೋಡುತ್ತಿದ್ದರು. ಚನ್ನಮಲ್ಲ ಕಂಡದ್ದನ್ನೆಲ್ಲ ಒಂದೊಂದಾಗಿ ಹೇಳಿದ. ಕುದುರೆ ಕಣ್ಣು ಮುಚ್ಚಿಕೊಂಡ ಮಾತು ಬಂದಾಗ ಅಜ್ಜನ ಕೈ ಕಂಬಳಿಯ ಅಂಚನ್ನು ಹಿಡಿಯಿತು.

ಹೇಳಿ ಮುಗಿಸಿದ ಮೇಲೂ ಅವನು ಏಳಲಿಲ್ಲ. ಗುರುವಿಗೆ ಎದುರಾಡಿ ಅವನಿಗೆ ಅಭ್ಯಾಸವಿರಲಿಲ್ಲ. ಆದರೂ ಕೇಳಿದ.

"ಅಜ್ಜಾರ, ನಿಮಗ ಅವತ್ತೇ ಗೊತ್ತಿತ್ತಲ್ಲ. ಊರವರ ಮುಂದ ನೀವು ಒಂದು ಮಾತು ಅಂದಿದ್ರ ಅದನ್ನ ಯಾರೂ ಒಯ್ತಿರಲಿಲ್ಲ. ಯಾಕ ಸುಮ್ಮನ ಇದ್ರಿ?"

ಅಜ್ಜ ಹೊಳೆಯ ಕಡೆ ನೋಡಿದರು.

"ನೀನಾಗಿ ಹೇಳ್ತಿ ಅಂತ ಕಾದೆ. ನನ್ನ ಶಿಷ್ಯಗ ಇದೊಂದು ಪಾಠ ಆಗಲಿ ಅಂತ ಕಾದೆ. ಅದು ನಡುನೀರಿನಾಗ ನಿಂತು ಕೆನೆದಾಗಲೂ ಕಾದೆ."

ಕೈ ಚಾಚಿ ಶಿಷ್ಯನ ತಲೆಯ ಮೇಲಿಟ್ಟರು.

"ಕುದುರಿಗೆ ಮಾತು ಬರ್ತಿರಲಿಲ್ಲ, ಚನ್ನಮಲ್ಲ. ನಿನಗ ಬರ್ತಿತ್ತು. ನನಗೂ ಬರ್ತಿತ್ತು."